ಎಣಿಕೆಗೆ ಸಿಗದ ಹನ್ನೊಂದು ನಿಮಿಷ

ಮೊದಲ ರಿಹರ್ಸಲ್‌ಗೆ ಗಾಯಕರು ನಲವತ್ತು ನಿಮಿಷ ತಡವಾಗಿ ಬಂದರು. ಬಂದವರೇ ಚಹಾ ಕೇಳಿದರು.

ಅಮೆರಿಕದ ರೆಂಟನ್‌ನಲ್ಲಿರುವ ನನ್ನ ಮನೆಯ ಗ್ಯಾರೇಜೇ ನಮ್ಮ ಭರತನಾಟ್ಯದ ಕ್ಲಾಸು. ಅಲ್ಲಿ ಐದು ನಿಮಿಷ ತಡವಾದ ಮಕ್ಕಳನ್ನು ನಾನು ಬಾಗಿಲ ಹೊರಗೇ ನಿಲ್ಲಿಸುತ್ತೇನೆ. ಆದರೆ ಅರವತ್ತು ದಾಟಿದ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದ ಮನುಷ್ಯನನ್ನು ಹೊರಗೆ ನಿಲ್ಲಿಸುವುದು ಹೇಗೆ? ಹಲ್ಲು ಕಚ್ಚಿಕೊಂಡು ಚಹಾ ಮಾಡಿಕೊಟ್ಟೆ. ಅಭ್ಯಾಸಬಲದಿಂದ ಹಾಲು ಹಾಕಿದ್ದೆ; ಅವರ ಕಡೆ ಚಹಾಕ್ಕೆ ಹಾಲು ಹಾಕುವುದಿಲ್ಲ ಎಂದು ಆಮೇಲೆ ತಿಳಿಯಿತು. ಅವರು ಲೋಟದೊಳಗೆ ಇಣುಕಿ, ನನ್ನ ಮುಖ ನೋಡಿ ಕುಡಿದರು.

ಅವರು ಬಾಕುವಿನವರು, ಅಜರ್‌ಬೈಜಾನಿನ ರಾಜಧಾನಿಯ ಕಡೆಯವರು. ಪಕ್ಕದ ಊರು ಟಕ್ವಿಲಾದ ಮಾಲ್‌ನಲ್ಲಿ ಬಟ್ಟೆ ಆಲ್ಟರೇಷನ್ ಮಾಡುವ ಒಂದು ಸಣ್ಣ ಅಂಗಡಿಯಲ್ಲಿ ಕೆಲಸ. ಮಕ್ಕಳ ಡ್ರೆಸ್ಸಿನ ಸೊಂಟ ಚಿಕ್ಕದು ಮಾಡಿಸಲು ಹೋದಾಗ, ಅವರು ಮೆಷಿನ್ ಮುಂದೆ ಕೂತು ಗುನುಗುತ್ತಿದ್ದುದು ಕಿವಿಗೆ ಬಿತ್ತು. ನಮ್ಮ ಯಾವುದೋ ರಾಗದ ಹತ್ತಿರ ಬಂದು, ಇನ್ನೇನು ಹಿಡಿದೆ ಎನ್ನುವಾಗ ತಪ್ಪಿಸಿಕೊಂಡು ಹೋಗುತ್ತಿತ್ತು. ಅದು ಮುಗಾಮ್, ತಮ್ಮೂರಿನ ಹಾಡುಗಾರಿಕೆ ಎಂದರು. ಜೊತೆಗೆ ನುಡಿಸಲು ಇನ್ನಿಬ್ಬರು ಇದ್ದಾರೆ: ಉದ್ದ ಕೋಲಿನ ತಂತಿವಾದ್ಯ ತಾರ್ ನುಡಿಸುವವರು ಒಬ್ಬರು, ತೊಡೆಯ ಮೇಲಿಟ್ಟು ಕಮಾನಿನಿಂದ ನುಡಿಸುವ ಕಮಾಂಚಾದ ಹೆಂಗಸು ಒಬ್ಬರು. ಮರಳುಗಾಡಿನ ಆ ಹಳೆಯ ಪ್ರೇಮಕಥೆಯನ್ನು ಅವರ ಸಂಗೀತಕ್ಕೆ ನಮ್ಮ ನೃತ್ಯ ಸೇರಿಸಿ ಮಾಡೋಣ ಎಂದು ಕೇಳಿದವಳು ನಾನೇ. ಪಾಠಶಾಲೆಯಲ್ಲಿ ಒಬ್ಬರನ್ನೊಬ್ಬರು ನೋಡಿದ ಹುಡುಗ ಹುಡುಗಿ. ಅವಳ ಹೆಸರು ಕೂಗಿ ಕೂಗಿ ಊರಿನವರ ಬಾಯಲ್ಲಿ ಹುಚ್ಚನಾದ ಅವನು. ಬೇರೆಯವರಿಗೆ ಮದುವೆ ಮಾಡಿಕೊಟ್ಟ ಮೇಲೆ ಕೊರಗಿ ಸತ್ತ ಅವಳು. ಗೋರಿಯ ಮೇಲೇ ಪ್ರಾಣ ಬಿಟ್ಟ ಅವನು. ಎಲ್ಲರಿಗೂ ಗೊತ್ತಿರುವ ಕಥೆ. ಹೆಚ್ಚು ವಿವರಿಸಬೇಕಾಗಿಲ್ಲ ಎನ್ನುವುದೇ ಅದರ ಅನುಕೂಲ.

ನಾಯಕಿಯ ಪಾತ್ರ ಕೊಟ್ಟದ್ದು ಎಂಟನೆಯ ವಯಸ್ಸಿನಿಂದ ನನ್ನ ಹತ್ತಿರ ಕಲಿತ ಹುಡುಗಿಗೆ. ಈಗ ಅವಳಿಗೆ ಇಪ್ಪತ್ಮೂರು, ಕೆಲಸಕ್ಕೆ ಸೇರಿದ್ದಾಳೆ. ಎರಡು ವರ್ಷದ ಹಿಂದೆ ಒಂದು ಕಾರ್ಯಕ್ರಮದಲ್ಲಿ ಅವಳು ಒಬ್ಬಳೇ ಕುಣಿಯುತ್ತಿದ್ದಾಗ ರೆಕಾರ್ಡಿಂಗ್ ನಿಂತುಹೋಯಿತು. ನಾನು ಅಂದು ಊರಲ್ಲಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಸಭೆಗೆ ಕೈಮುಗಿದು ನಕ್ಕು ಸುಧಾರಿಸಿಕೊಳ್ಳುತ್ತಿದ್ದರು. ಇವಳು ಎತ್ತಿದ ಕೈ ಎತ್ತಿದ ಹಾಗೇ ನಿಂತುಬಿಟ್ಟಳಂತೆ. ಒಂದು ನಿಮಿಷ ಹಾಗೇ ನಿಂತು, ಅಳುತ್ತ ಒಳಗೆ ಹೋದಳಂತೆ. ಅಂದಿನಿಂದ ಒಬ್ಬಳೇ ವೇದಿಕೆ ಹತ್ತಿರಲಿಲ್ಲ.

ನಾನು ಕೇಳಿದಾಗ ಅವಳು ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಆಂಟಿ, ಯು ವಿಲ್ ಸಿಟ್ ದೇರ್ ವಿತ್ ದ ತಾಳ, ರೈಟ್?" ಎಂದಳು. ಹೌದು ಎಂದೆ. ಇನ್ನೊಂದು ಸಲ ಹಾಗೆ ನಿಂತುಬಿಟ್ಟರೆ ಮತ್ತೆ ಗೆಜ್ಜೆ ಮುಟ್ಟುವುದಿಲ್ಲ ಎಂದು ಅವಳು ಅಷ್ಟೇ ತಣ್ಣಗೆ ಹೇಳಿದಳು. ಹೆದರಿಸಲು ಹೇಳಿದ ಮಾತಲ್ಲ ಅದು, ನನಗೆ ಗೊತ್ತು. ಹದಿನೈದು ವರ್ಷದಲ್ಲಿ ಅವಳು ನನ್ನೆದುರು ಹೇಳಿ ಮಾಡದೆ ಬಿಟ್ಟದ್ದು ಏನೂ ಇಲ್ಲ.

ತಾಳ ಎಂದರೆ ನಟುವಾಂಗದ ಜೋಡಿ, ಅಂಗೈಯಗಲದ ಎರಡು ಲೋಹದ ಬಟ್ಟಲು. ವೇದಿಕೆಯ ಪಕ್ಕದಲ್ಲಿ ಕೂತು ಅದನ್ನು ತಟ್ಟಿ, ಜತಿ ಹೇಳಿ, ಕುಣಿಯುವವರ ಹೆಜ್ಜೆಯನ್ನು ಹಿಡಿದಿಡುವುದು ನನ್ನ ಕೆಲಸ. ನನ್ನ ಕ್ಲಾಸಿನ ಮಕ್ಕಳು ನನ್ನ ತಾಳಕ್ಕೆ ಒಂದು ಕೂದಲೆಳೆ ಆಚೀಚೆ ಆಗುವುದಿಲ್ಲ ಎಂದು ನಾನು ಕಂಡಕಂಡವರ ಹತ್ತಿರ ಕೊಚ್ಚಿಕೊಂಡಿದ್ದೇನೆ.

ಮೊದಲ ದಿನ ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಕೆಲವು ಭಾಗಗಳಿಗೆ ಸ್ಪಷ್ಟವಾದ ಲಯವಿತ್ತು. ಆರರ ಎಣಿಕೆ, ನಮ್ಮ ಮೂರರ ನಡೆಯಾದ ತಿಶ್ರಕ್ಕೆ ಸಲೀಸಾಗಿ ಕೂತಿತು. ಪಾಠಶಾಲೆಯ ದೃಶ್ಯ, ಮದುವೆಯ ದೃಶ್ಯ ಎರಡು ವಾರದಲ್ಲಿ ಸಿದ್ಧವಾದವು. ತೊಂದರೆ ಇದ್ದದ್ದು ನಾಯಕಿ ಸಾಯುವ ದೃಶ್ಯದಲ್ಲಿ. ಅಲ್ಲಿ ಗಾಯಕರು ತಮ್ಮ ಕೈಯ ಗವಾಲ್ ಎಂಬ, ನಮ್ಮ ಕಂಜಿರದ ದೊಡ್ಡಣ್ಣನಂತಿರುವ ಚರ್ಮದ ವಾದ್ಯವನ್ನು ಕೆನ್ನೆಯ ಪಕ್ಕಕ್ಕೆ ಹಿಡಿದುಕೊಂಡು ಲಯವೇ ಇಲ್ಲದೆ ಹಾಡುತ್ತಾರೆ. ಒಂದು ಸಾಲು, ಒಂದು ಮೌನ, ಮತ್ತೆ ಒಂದು ಸಾಲು. ಅಂದು ಅದು ಹನ್ನೊಂದು ನಿಮಿಷ ನಡೆಯಿತು.

ಹುಡುಗಿಯ ಅಮ್ಮ ಸ್ನೊಕ್ವಾಲ್ಮಿಯಲ್ಲಿರುವವರು, ಬೆಂಗಳೂರಿನವರು, ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಕೆಲಸ. ಅವರೇ ದಾರಿ ತೋರಿಸಿದರು.

"ಅಕ್ಕಾ, ಬೀಟ್ ಇಲ್ಲ ಅಂದ್ರೇನಾಯ್ತು, ಸೆಕೆಂಡ್ಸ್ ಇದೆಯಲ್ಲ. ನಾನು ಒಂದು ಶೀಟ್ ಮಾಡಿಕೊಡ್ತೀನಿ."

ಮಾಡಿಕೊಟ್ಟರು. ನಾಲ್ಕು ನಾಲ್ಕು ಸೆಕೆಂಡಿಗೆ ಒಂದು ಚೌಕ. ನೋಟಕ್ಕೆ ಹಳದಿ, ಕೈಗೆ ಹಸಿರು, ನಡಿಗೆಗೆ ನೀಲಿ. ಎರಡನೆಯ ನಿಮಿಷದ ಹನ್ನೆರಡನೆಯ ಸೆಕೆಂಡಿಗೆ ಕಿಟಕಿಯ ಕಡೆ ನೋಡಬೇಕು, ಇಪ್ಪತ್ತಕ್ಕೆ ಮುಸುಕು ಜಾರಬೇಕು. ನಾನು ಪ್ರತಿ ನಾಲ್ಕು ಸೆಕೆಂಡಿಗೆ ಮೆಲ್ಲಗೆ ತಾಳ ಮುಟ್ಟಿಸುತ್ತಿದ್ದೆ. ಮೂರು ವಾರ ಹೀಗೆ ಅಭ್ಯಾಸ ನಡೆಯಿತು. ಹುಡುಗಿ ಗಡಿಯಾರದ ಮುಳ್ಳಿನಂತೆ ಸಾಯುವುದನ್ನು ಕಲಿತಳು. ನನಗೆ ಅದು ಬಹಳ ಚೆನ್ನಾಗಿದೆ ಅನ್ನಿಸಿತ್ತು ಎನ್ನುವುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಎರಡನೆಯ ಸಲ ಸಂಗೀತದವರು ಬಂದಾಗ, ಮೂರನೆಯ ಸಾಲಿಗೇ ಎಲ್ಲ ಕೆಟ್ಟಿತು. ಗಾಯಕರು ಬೇರೆಯೇ ಸಾಲು ಹಿಡಿದರು. ಒಂದು ಕಡೆ ಮೊದಲಿಗಿಂತ ಎರಡರಷ್ಟು ಎಳೆದರು, ಇನ್ನೊಂದು ಕಡೆ ಅರ್ಧಕ್ಕೇ ಬಿಟ್ಟರು. ಇಲ್ಲದ ಕಿಟಕಿಯನ್ನು ನೋಡಿ, ಬಾರದ ಸ್ವರಕ್ಕೆ ಮುಸುಕು ಜಾರಿಸಿ, ಹುಡುಗಿ ನನ್ನ ಮುಖ ನೋಡತೊಡಗಿದಳು. ನಾನು ತಾಳವನ್ನು ಇನ್ನಷ್ಟು ಜೋರಾಗಿ ತಟ್ಟಿದೆ.

ಗಾಯಕರು ಸಾಲಿನ ನಡುವೆ ನಿಲ್ಲಿಸಿದರು. ನಮ್ಮ ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ. ಅವರ ಇಂಗ್ಲಿಷು ಬಿಡಿ ಬಿಡಿ, ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನನ್ನು ಅವರು ಖಾನಿಮ್ ಎನ್ನುತ್ತಿದ್ದರು, ಅಮ್ಮಾವ್ರೇ ಎಂದ ಹಾಗೆ.

"ಖಾನಿಮ್, ನೀವು ಬಾಗಿಲು ತಟ್ಟುತ್ತಾ ಇದ್ದೀರಿ. ನಾನು ಒಳಗೇ ಇದ್ದೇನೆ."

ನನಗೆ ಮೈ ಉರಿಯಿತು. "ಹೋದ ಸಲ ಹಾಡಿದ್ದನ್ನೇ ಹಾಡಿ. ಮೂರು ವಾರ ಕಷ್ಟಪಟ್ಟಿದ್ದೇವೆ" ಎಂದು ಗೋಡೆಗೆ ಅಂಟಿಸಿದ್ದ ಬಣ್ಣದ ಶೀಟು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಶೀಟನ್ನು ಮೇಲಿಂದ ಕೆಳಗೆ ಓದಿದರು, ಗಿರಾಕಿಯ ಅಳತೆ ನೋಡುವ ಹಾಗೆ.

"ಹೋದ ಸಲ ಮಳೆ ಇತ್ತು. ನನ್ನ ಗಂಟಲು ಬೇರೆ ಥರ ಇತ್ತು. ಚಹಾದಲ್ಲಿ ಹಾಲೂ ಇತ್ತು" ಎಂದರು.

ಆದರೂ ಒಳ್ಳೆಯ ಮನುಷ್ಯ. ನನ್ನ ಮುಖ ನೋಡಿ, ಪ್ರಯತ್ನ ಮಾಡುತ್ತೇನೆ ಎಂದರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ತಮ್ಮ ಹಳೆಯ ರೆಕಾರ್ಡಿಂಗ್ ಕೇಳುತ್ತ, ಅದನ್ನೇ ಮತ್ತೆ ಹಾಡಿದರು. ಸ್ವರ ತಪ್ಪಲಿಲ್ಲ, ಸಮಯವೂ ತಪ್ಪಲಿಲ್ಲ, ಹಾಡಿನಲ್ಲಿ ಮಾತ್ರ ಏನೂ ಉಳಿದಿರಲಿಲ್ಲ. ನಾಲ್ಕು ನಿಮಿಷ ಆಗುವುದರೊಳಗೆ ಕಮಾಂಚಾದ ಹೆಂಗಸು ಕಮಾನು ಕೆಳಗಿಟ್ಟರು. "ಇವರು ತಮ್ಮನ್ನೇ ಅಣಕಿಸಿಕೊಳ್ಳುತ್ತಾ ಇದ್ದಾರೆ. ನನಗೆ ನೋಡಲಾಗುವುದಿಲ್ಲ" ಎಂದರು.

ಹುಡುಗಿಯ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದರು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ಆ ಒಂದು ಸೀನ್‌ಗೆ ಟ್ರ್ಯಾಕ್ ಹಾಕಿಬಿಡೋಣ. ರೆಕಾರ್ಡಿಂಗ್ ಇದೆ, ಇವಳಿಗೆ ಬಾಯಿಪಾಠ ಆಗಿದೆ. ರಿಸ್ಕ್ ಯಾಕೆ? ನಿಮಗೆ ಗೊತ್ತಲ್ಲ ಹೋದ ಸಲ ಏನಾಯ್ತು ಅಂತ. ಆಮೇಲೆ ಎರಡು ತಿಂಗಳು ಅವಳು ನನ್ನ ಜೊತೆ ಸರಿಯಾಗಿ ಊಟಕ್ಕೆ ಕೂತಿರಲಿಲ್ಲ."

"ಟ್ರ್ಯಾಕ್ ನಿಂತಿದ್ದಕ್ಕೇ ಅಲ್ವಾ ಹೋದ ಸಲ ಹಾಗಾಗಿದ್ದು?"

"ಈ ಸಲ ಎರಡು ಫೋನ್‌ನಲ್ಲಿ ಇಟ್ಕೋತೀನಿ. ಬ್ಯಾಕಪ್."

ಗ್ಯಾರೇಜಿಗೂ ಅಡುಗೆಮನೆಗೂ ನಡುವೆ ಇರುವುದು ಒಂದು ತೆಳ್ಳನೆಯ ಬಾಗಿಲು. ನಾವು ಹಿಂತಿರುಗುವಷ್ಟರಲ್ಲಿ ಗಾಯಕರು ಗವಾಲನ್ನು ಬಟ್ಟೆಯ ಚೀಲಕ್ಕೆ ಹಾಕಿಯಾಗಿತ್ತು. ಕನ್ನಡ ಅರ್ಥವಾಗಿರಲಿಕ್ಕಿಲ್ಲ, ಟ್ರ್ಯಾಕ್ ಎನ್ನುವ ಶಬ್ದ ಅರ್ಥವಾಗಿರಬೇಕು. "ಮೆಷಿನ್ ಹಾಡುವುದಾದರೆ ನಾನು ಜನರ ಜೊತೆ ಕೂತು ಕೇಳುತ್ತೇನೆ. ವೇದಿಕೆಯ ಮೇಲೆ ಕೂತು ಬಾಯಿ ಅಲ್ಲಾಡಿಸುವುದಿಲ್ಲ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಚಹಾಕ್ಕೆ ಥ್ಯಾಂಕ್ಸ್ ಹೇಳಿ ಹೊರಟರು.

ಎಲ್ಲರೂ ಹೋದ ಮೇಲೆ ಹುಡುಗಿ ಗೆಜ್ಜೆ ಬಿಚ್ಚುತ್ತ ಕೂತಿದ್ದಳು. ಹೀಗೇ ಕೇಳಿದೆ, ಆ ಕೊನೆಯ ಸಾಲಿನಲ್ಲಿ ಅವರು ಹಾಡುವುದು ನಿನಗೆ ಏನು ಹೇಳಿದ ಹಾಗಾಗುತ್ತದೆ ಎಂದು.

"ಐ ಡೋಂಟ್ ಹಿಯರ್ ಹಿಮ್, ಆಂಟಿ. ಐ ಓನ್ಲಿ ಹಿಯರ್ ಯು."

ನನಗೆ ಅವರು ಕೇಳಿಸುವುದೇ ಇಲ್ಲ, ನೀವು ಮಾತ್ರ ಕೇಳಿಸುತ್ತೀರಿ. ದೂರು ಹೇಳಿದ್ದಲ್ಲ ಅವಳು. ನನ್ನ ಮೇಲಿನ ನಂಬಿಕೆಯನ್ನು ಹೇಳಿದ್ದು. ಅದಕ್ಕೇ ಹೆಚ್ಚು ಚುಚ್ಚಿತು.

ಆ ವಾರವಿಡೀ ಆಫೀಸಿನಲ್ಲಿ ಕೂತರೂ ಅದೇ ಮಾತು. ಮೈಸೂರಿನಲ್ಲಿ ನನಗೆ ಕಲಿಸಿದ ಗುರುಗಳು ನೆನಪಾದರು. ಅವರಿಗೆ ಆಗಲೇ ಮಂಡಿ ನೋವು. ಶುಕ್ರವಾರ ಸಂಜೆ ಜಮಖಾನದ ಮೇಲೆ ಕೂತೇ ಉಗಾಭೋಗಕ್ಕೆ ಅಭಿನಯ ಮಾಡುತ್ತಿದ್ದರು. ಉಗಾಭೋಗಕ್ಕೆ ತಾಳವಿಲ್ಲ, ಹಾಡುವವರ ಉಸಿರೇ ಅದರ ಅಳತೆ. ಅದನ್ನು ಶುರು ಮಾಡುವ ಮೊದಲು ಅವರು ತಮ್ಮ ತಾಳದ ಜೋಡಿಯನ್ನು ಕರ್ಚೀಫಿನಲ್ಲಿ ಸುತ್ತಿ ಪಕ್ಕಕ್ಕಿಡುತ್ತಿದ್ದರು. ಹತ್ತು ವರ್ಷ ನೋಡಿದ್ದೇನೆ ಅದನ್ನು. ಇಲ್ಲಿ ಬಂದ ಮೇಲೆ ನಾನು ಉಗಾಭೋಗವನ್ನೂ ರೆಕಾರ್ಡಿಂಗ್ ಹಾಕಿ, ಎಣಿಸಿ ಎಣಿಸಿ ಕಲಿಸಿದೆ. ಮಕ್ಕಳಿಗೆ ಸುಲಭ, ಪೋಷಕರಿಗೆ ಸಮಾಧಾನ, ನನಗೂ ತಲೆನೋವಿಲ್ಲ.

ಹುಡುಗಿ ಎರಡು ವರ್ಷದ ಹಿಂದೆ ಕಲ್ಲಿನಂತೆ ನಿಂತದ್ದು ಅವಳ ಅಂಜುಬುರುಕುತನದಿಂದಲ್ಲ. ಎಣಿಕೆ ನಿಂತರೆ ಮುಂದೇನು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾಗಿದ್ದವಳು ನಾನು.

ವಾರದ ಕೊನೆಗೆ ಟಕ್ವಿಲಾದ ಅಂಗಡಿಗೆ ಹೋಗಿ ಗಾಯಕರ ಕ್ಷಮೆ ಕೇಳಿದೆ. ಅವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ತಲೆಯಾಡಿಸಿದರು. ಆಮೇಲೆ ಹುಡುಗಿಗೂ ಅವಳ ಅಮ್ಮನಿಗೂ ಹೇಳಿದೆ: ಕೊನೆಯ ದೃಶ್ಯಕ್ಕೆ ಟ್ರ್ಯಾಕ್ ಇಲ್ಲ, ಶೀಟ್ ಇಲ್ಲ, ನನ್ನ ತಾಳವೂ ಇಲ್ಲ. ನಾನು ವೇದಿಕೆಯ ಪಕ್ಕದಲ್ಲಿ ಕೂರುವುದೇ ಇಲ್ಲ.

ಅಮ್ಮನಿಗೆ ಸಿಟ್ಟು ಬಂತು. "ಪ್ರಾಮಿಸ್ ಮಾಡಿದ್ರಲ್ಲ ಅಕ್ಕಾ ನೀವು. ಏನಾದ್ರೂ ಆದ್ರೆ ಅನುಭವಿಸೋಳು ಅವಳು, ನೀವಲ್ಲ."

"ಹೌದು, ಮಾತು ತಪ್ಪುತ್ತಾ ಇದ್ದೀನಿ. ಬೇಡ ಅಂದ್ರೆ ಅವಳೇ ಹೇಳಲಿ" ಎಂದೆ.

ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಬೇಡ ಎನ್ನಲಿಲ್ಲ. ಸರಿ ಎಂದೂ ಅನ್ನಲಿಲ್ಲ. "ಲೆಟ್ ಮಿ ಟ್ರೈ ಒನ್ ಸಾಟರ್ಡೇ" ಎಂದಳು, ಒಂದು ಶನಿವಾರ ಮಾಡಿ ನೋಡುತ್ತೇನೆ ಎಂದು.

ಉಳಿದದ್ದು ನಾಲ್ಕು ಶನಿವಾರ. ಮೊದಲನೆಯದರಲ್ಲಿ ನೃತ್ಯವೇ ಇಲ್ಲ. ಅವಳು ನೆಲದ ಮೇಲೆ ಕಣ್ಣು ಮುಚ್ಚಿ ಕೂತು ಕೇಳಬೇಕು. ಹಾಡು ಸುತ್ತಾಡಿ ಮನೆಗೆ ಬಂತು ಅನ್ನಿಸಿದಾಗ ಬೆರಳೆತ್ತಬೇಕು, ಅಷ್ಟೇ. ಮೊದಲು ಎಲ್ಲೆಲ್ಲೋ ಎತ್ತಿದಳು. ಮಧ್ಯಾಹ್ನದ ಹೊತ್ತಿಗೆ ಹತ್ತಕ್ಕೆ ಎಂಟು ಸರಿಯಾಗತೊಡಗಿತು. ಆಗ ನಾವೆಲ್ಲ ಗಮನಿಸಿದ್ದು ಇನ್ನೊಂದು: ಗಾಯಕರು ಒಂದು ಸಾಲು ಹಾಡಿ ನಿಲ್ಲಿಸಿದಾಗ, ಕಮಾಂಚಾ ಅದೇ ಸಾಲನ್ನು ಮೆಲ್ಲಗೆ ತಿರುಗಿ ನುಡಿಸುತ್ತದೆ. ಜವಾಬು ಅದು ಎಂದರು ಗಾಯಕರು. ನಮ್ಮಲ್ಲೂ ಜವಾಬು ಎಂದೇ ಹೇಳುತ್ತೇವೆ ಎಂದೆ. ಅವರಿಗೆ ಖುಷಿಯಾಗಿ, ಇನ್ನೂ ಯಾವ ಯಾವ ಶಬ್ದ ಇದೆ ಎಂದು ಕೇಳುತ್ತ ಅರ್ಧ ಗಂಟೆ ಹಾಳು ಮಾಡಿದರು.

ಆ ಜವಾಬಿನ ಮೇಲೇ ದೃಶ್ಯ ಕಟ್ಟಿದೆವು. ಅವರು ಹಾಡುವಾಗ ಅವಳು ಕೈ ಆಡಿಸಬಾರದು, ಕೇಳಬೇಕು. ದೂರದಿಂದ ಅವನು ಕೂಗುತ್ತಿದ್ದಾನೆ, ಅವಳು ಕೇಳಿಸಿಕೊಳ್ಳುತ್ತಿದ್ದಾಳೆ. ಕಮಾಂಚಾ ಶುರುವಾದಾಗ ಕೈ ಮಾತಾಡಬೇಕು. ಕೊನೆಗೆ ಗಾಯಕರು ಗವಾಲನ್ನು ಕೆನ್ನೆಯ ಪಕ್ಕದಿಂದ ಮಂಡಿಯ ಮೇಲೆ ಇಳಿಸುತ್ತಾರೆ, ಆಗ ಅವಳು ಬೀಳಬೇಕು. ಒಟ್ಟು ಒಪ್ಪಂದ ಇಷ್ಟೇ.

ನಾನು ಗ್ಯಾರೇಜಿನಲ್ಲಿದ್ದರೆ ಅವಳ ಕಣ್ಣು ನನ್ನ ಕೈಯನ್ನೇ ಹುಡುಕುತ್ತಿತ್ತು. ಹಾಗಾಗಿ ಎರಡನೆಯ ಶನಿವಾರದಿಂದ ಅಡುಗೆಮನೆಗೆ ಹೋಗಿ ಕೂತೆ. ತರಕಾರಿ ಹೆಚ್ಚುತ್ತ ಬಾಗಿಲಾಚೆಯಿಂದ ಕೇಳುವುದು. ಮೂರನೆಯ ಶನಿವಾರ ಒಂದು ಸಾಲು ಮುಗಿಯಿತು, ಕಮಾಂಚಾ ಜವಾಬು ಕೊಟ್ಟಿತು, ಗೆಜ್ಜೆಯ ಸದ್ದಿಲ್ಲ. ಮತ್ತೆ ನಿಂತುಬಿಟ್ಟಳು ಎಂದುಕೊಂಡೆ. ಎದ್ದು ಬಾಗಿಲ ಹಿಡಿ ಹಿಡಿದಿದ್ದೆ. ಅಷ್ಟರಲ್ಲಿ ಕಮಾಂಚಾ ಅದೇ ಸಾಲನ್ನು ಇನ್ನೊಂದು ಸಲ ನುಡಿಸಿತು. ಮತ್ತೂ ಒಂದು ಸಲ. ಆಮೇಲೆ ಗೆಜ್ಜೆ ಒಂದು ಸಲ ಘಲ್ ಎಂದಿತು. ಟ್ರ್ಯಾಕ್ ಯಾರನ್ನೂ ಕಾಯುವುದಿಲ್ಲ, ಇವರು ಕಾಯುತ್ತಾರೆ. ನಾನು ವಾಪಸು ಬಂದು ಬೀನ್ಸ್ ಹೆಚ್ಚಿದೆ. ಅಂದು ಸಂಜೆ ಅಮ್ಮನಿಗೆ ಹುಡುಗಿ ಹೇಳಿದಳಂತೆ, ಮಾಡುತ್ತೇನೆ ಎಂದು.

ಕಾರ್ಯಕ್ರಮ ಒಂದು ಹೈಸ್ಕೂಲಿನ ಸಭಾಂಗಣದಲ್ಲಿ, ಮಧ್ಯಾಹ್ನ. ಪರದೆ ತೆಗೆಯಲು ಹತ್ತು ನಿಮಿಷ ಇರುವಾಗ ಗಾಯಕರು ಮಿರಮಿರ ಮಿಂಚುವ ಬೂಟು ಹಾಕಿಕೊಂಡು ವೇದಿಕೆ ಹತ್ತಿದರು. ನಾವು ನೆಲ ಮುಟ್ಟಿ ನಮಸ್ಕಾರ ಮಾಡಿ ಕುಣಿಯುವ ಜಾಗ. ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದೆ. ಹುಡುಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡದ್ದನ್ನು ನೋಡಿ ತಾವೇ ಬಿಚ್ಚಿದರು. ಎಡಗಾಲಿನ ಸಾಕ್ಸ್ ಹೆಬ್ಬೆರಳಿನ ಹತ್ತಿರ ತೂತಾಗಿತ್ತು. ಊರವರ ಬಟ್ಟೆಯೆಲ್ಲ ಹೊಲಿಯುವ ಮನುಷ್ಯ. ಹುಡುಗಿಗೆ ನಗು ಬಂತು, ಅವರಿಗೂ ಬಂತು. ಅವಳು ನಕ್ಕದ್ದು ನೋಡಿ ನನಗೆ ಸ್ವಲ್ಪ ಜೀವ ಬಂತು.

ಮದುವೆಯ ದೃಶ್ಯದವರೆಗೆ ನಾನು ಪಕ್ಕದಲ್ಲಿ ಕೂತು ತಾಳ ಹಾಕಿದೆ. ದೀಪ ಆರಿದಾಗ ಎದ್ದು, ಕತ್ತಲಲ್ಲೇ ಮೆಟ್ಟಿಲಿಳಿದು, ಆರನೆಯ ಸಾಲಿನಲ್ಲಿ ಅವಳ ಅಮ್ಮನ ಪಕ್ಕ ಕೂತೆ. ತಾಳದ ಜೋಡಿಯನ್ನು ಕರ್ಚೀಫಿನಲ್ಲಿ ಸುತ್ತಿ ಅವರ ಮಡಿಲಿಗೆ ಹಾಕಿದೆ, ನನ್ನ ಕೈಗೆ ಸಿಗದಿರಲಿ ಎಂದು. ಅವರು ಫೋನು ತೆಗೆದು ಸ್ಟಾಪ್‌ವಾಚ್ ಒತ್ತಿದರು. ಅವರ ಸಮಾಧಾನಕ್ಕೆ ಅದಾದರೂ ಇರಲಿ ಎಂದು ಸುಮ್ಮನಾದೆ.

ಗಾಯಕರು ಶುರು ಮಾಡಿದರು. ಮೊದಲ ಸಾಲು, ಜವಾಬು. ಎರಡನೆಯ ಸಾಲು, ಜವಾಬು. ಅವಳು ಹಾಸಿಗೆಯ ಮೇಲೆ ಎದ್ದು ಕೂತಳು, ಕಿಟಕಿಯತ್ತ ತಿರುಗಿದಳು. ರಿಹರ್ಸಲ್‌ನಲ್ಲಿ ಅವರು ಎಂದೂ ಪೂರ್ತಿ ಧ್ವನಿ ಬಿಟ್ಟಿರಲಿಲ್ಲ ಎಂದು ಆಗ ಗೊತ್ತಾಯಿತು. ಗವಾಲ್ ಇಳಿಯಬೇಕಾದ ಹೊತ್ತು ಬಂತು. ಇಳಿಯಲಿಲ್ಲ. ಅವರು ಇನ್ನೂ ಮೇಲೆ ಹೋದರು, ನಾಲ್ಕು ಶನಿವಾರದಲ್ಲಿ ಒಮ್ಮೆಯೂ ಹಾಡದ ಕಡೆಗೆ.

ಹುಡುಗಿ ಬಲಗೈ ಎತ್ತಿದ್ದಳು. ಆ ಕೈ ಹಾಗೇ ನಿಂತುಬಿಟ್ಟಿತು.

ಕಮಾಂಚಾ ಜವಾಬು ಕೊಟ್ಟಿತು. ಅವಳು ಕದಲಲಿಲ್ಲ. ಇನ್ನೊಂದು ಸಲ ಕೊಟ್ಟಿತು. ಕದಲಲಿಲ್ಲ. ಪಕ್ಕದಲ್ಲಿ ಅವಳ ಅಮ್ಮ ನನ್ನ ಕಡೆ ಬಾಗಿದರು. "ಅಕ್ಕಾ, ಅದೇ ಥರ" ಎಂದು ಪಿಸುಗುಟ್ಟಿದರು. ನನ್ನ ಬಲಗೈ ತನ್ನಷ್ಟಕ್ಕೆ ಎದ್ದು ಮಂಡಿ ತಟ್ಟಲು ಹೋಯಿತು. ಅದನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತೆ. ಹದಿನೈದು ವರ್ಷ ಕಲಿಸಿದ ಮಗುವನ್ನು ನಾನೇ ನೀರಿಗೆ ನೂಕಿದೆ ಅನ್ನಿಸಿತು.

ಗಾಯಕರು ಮತ್ತೊಂದು ಸಾಲು ಎತ್ತಿದರು. ಆಗ ಅವಳ ತಲೆ, ತಲೆ ಮಾತ್ರ, ನಿಧಾನವಾಗಿ ಅವರ ಕಡೆಗೆ ತಿರುಗಿತು. ದೂರದಲ್ಲಿ ಯಾರೋ ತನ್ನ ಹೆಸರು ಹಿಡಿದು ಕರೆದದ್ದು ಈಗ ಕೇಳಿಸಿತು ಎನ್ನುವ ಹಾಗೆ. ಎತ್ತಿದ ಕೈಯ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಅವರ ಸಾಲು ಇನ್ನೂ ಅರ್ಧದಲ್ಲಿತ್ತು. ಗವಾಲ್ ಇನ್ನೂ ಕೆನ್ನೆಯ ಪಕ್ಕದಲ್ಲೇ ಇತ್ತು. ಅವಳು ಯಾವ ಸನ್ನೆಗೂ ಕಾಯದೆ ಒರಗಿ ಬಿದ್ದಳು.

ಗಾಯಕರು ಆ ಅರ್ಧ ಸಾಲಿನಲ್ಲೇ ನಿಲ್ಲಿಸಿದರು. ಗವಾಲನ್ನು ಮಂಡಿಯ ಮೇಲೆ ಇಳಿಸಿದರು. ಕಮಾಂಚಾ ಕೂಡ ಜವಾಬು ಕೊಡಲಿಲ್ಲ.

ಆಮೇಲೆ ತಾರ್ ಒಂದೇ ನುಡಿಯಿತು, ನಾಯಕನ ಪಾತ್ರದ ಇನ್ನೊಬ್ಬ ಶಿಷ್ಯ ಬಂದು ಗೋರಿಯ ಮೇಲೆ ಒರಗಿದ, ಪರದೆ ಬಿತ್ತು. ಅದೆಲ್ಲ ಚೆನ್ನಾಗಿಯೇ ಆಗಿರಬೇಕು. ನಾನು ನೋಡಿದೆನೋ ಇಲ್ಲವೋ, ಕಣ್ಣು ತುಂಬಿತ್ತು.

ಒಳಗೆ ಹೋದಾಗ ಗಾಯಕರು ಬೂಟಿನ ಲೇಸು ಕಟ್ಟುತ್ತಿದ್ದರು. ಯಾಕೆ ಹಾಗೆ ಎಳೆದಿರಿ, ಗವಾಲ್ ಯಾಕೆ ಇಳಿಸಲಿಲ್ಲ ಎಂದು ಜಗಳಕ್ಕೇ ಹೋಗಿದ್ದೆ.

"ಖಾನಿಮ್, ಅವಳು ನನ್ನ ಹಾಡು ಕೇಳುತ್ತಾ ಇದ್ದಳು. ಕೇಳುವವರು ಸಿಕ್ಕಿದಾಗ ನಾನು ಹೇಗೆ ನಿಲ್ಲಿಸಲಿ? ನಾನು ಇನ್ನೂ ಹಾಡುತ್ತಿದ್ದೆ. ಅವಳು ಸಾಕು ಅಂದಳು" ಎಂದರು. ಲೇಸು ಬಿಗಿದು ಎದ್ದು ನಿಂತು, "ಸರಿಯಾದ ಜಾಗದಲ್ಲಿ ಅಂದಳು" ಎಂದು ಸೇರಿಸಿದರು.

ಪಾರ್ಕಿಂಗ್ ಲಾಟ್‌ನಲ್ಲಿ ಹುಡುಗಿ ಗೆಜ್ಜೆಯ ಚೀಲವನ್ನು ಎಂದಿನಂತೆ ಅಮ್ಮನ ಕೈಗೆ ಕೊಡದೆ ತನ್ನ ಹೆಗಲಿಗೇ ಹಾಕಿಕೊಂಡಿದ್ದಳು. ಆ ಎತ್ತಿದ ಕೈಯ ಹೊತ್ತಿನಲ್ಲಿ ಹೆದರಿಕೆಯಾಯಿತೇ ಎಂದು ಕೇಳಿದೆ. "ಐ ವಾಸ್ ಲಿಸನಿಂಗ್, ಆಂಟಿ" ಎಂದಳು, ನಾನು ಏನೋ ದಡ್ಡ ಪ್ರಶ್ನೆ ಕೇಳಿದ ಹಾಗೆ. ಆಮೇಲೆ, ಮುಂದಿನ ಶನಿವಾರ ಕ್ಲಾಸ್ ಇದೆಯಾ ಎಂದು ಕೇಳಿದಳು. ಇದೆ, ತಡವಾಗಿ ಬಂದರೆ ಹೊರಗೆ ನಿಲ್ಲಿಸುತ್ತೇನೆ ಎಂದೆ.

ಅವಳ ಅಮ್ಮ ನನ್ನ ತಾಳದ ಗಂಟು ವಾಪಸು ಕೊಡಲು ಚೀಲದೊಳಗೆ ಕೈ ಹಾಕಿದರು. ಜೊತೆಗೆ ಫೋನೂ ಬಂತು. ಅದರಲ್ಲಿ ಸ್ಟಾಪ್‌ವಾಚ್ ಇನ್ನೂ ಓಡುತ್ತಲೇ ಇತ್ತು. ಒಂದು ಗಂಟೆ ದಾಟಿತ್ತು.

"ಅಯ್ಯೋ, ನಿಲ್ಲಿಸೋದೇ ಮರೆತುಬಿಟ್ಟೆ" ಎಂದರು.

ಹನ್ನೊಂದು ನಿಮಿಷದ ಆ ದೃಶ್ಯ ಅಂದು ಎಷ್ಟು ಹೊತ್ತು ನಡೆಯಿತು ಎಂದು ನಮ್ಮ ಮೂವರಲ್ಲಿ ಯಾರಿಗೂ ಗೊತ್ತಿಲ್ಲ. ವಿಡಿಯೋ ಇದೆ, ನೋಡಿದರೆ ತಿಳಿಯುತ್ತದೆ. ಇನ್ನೂ ಯಾರೂ ನೋಡಿಲ್ಲ.